ಹಡದವ್ವನ ಹೆಸರಲ್ಲಿ ಆಡಿದ ಮಾತು

ಮಂಗಳವಾರ ಮಧ್ಯಾಹ್ನದೊಳಗೆ ಹಡದವ್ವನನ್ನು ಹೊಳೆಗೆ ಬಿಡಬೇಕೆಂದು ಕಂಚನಾಳದ ಗುಡಿ ಕಮಿಟಿಯವರು ತೀರ್ಮಾನಿಸಿದ್ದು ಶನಿವಾರ. ಅಯ್ಯಮ್ಮನ ಕಿವಿಗೆ ಅದು ಬಿದ್ದದ್ದು ಭಾನುವಾರ ಬೆಳಿಗ್ಗೆ, ಸುರಪುರದಲ್ಲಿ, ಮೀನಿನ ಬುಟ್ಟಿಯ ಮುಂದೆ ಕೂತು ಗಿರಾಕಿಯೊಬ್ಬಳ ಜೊತೆ ಜಗಳಕ್ಕೆ ಬಿದ್ದಿದ್ದಾಗ. "ನಿಮ್ಮೂರ ಅವ್ವ ಹೊಂಟಾಳಂತಲ್ಲ," ಎಂದಳು ಆ ಗಿರಾಕಿ, ಮೀನಿನ ಕಿವಿರು ಎತ್ತಿ ನೋಡುತ್ತ. ಮೂವತ್ತೊಂದು ವರ್ಷ ಆ ದೇವಿಗೆ ನೀರೆರೆದವಳಿಗೆ ಒಂದು ಮಾತು ತಿಳಿಸಬೇಕೆಂದು ಊರಿನ ಒಬ್ಬ ಗಂಡಸಿಗೂ ಅನ್ನಿಸಿರಲಿಲ್ಲ. ಕಟ್ಟೆಯ ಮೇಲೆ ಕೂತು ಮಾಡುವ ತೀರ್ಮಾನಗಳೇ ಹಾಗೆ, ಯಾರ ಎದೆಗೆ ಒದೆಯುತ್ತವೋ ಅವರಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತವೆ. ಅಯ್ಯಮ್ಮ ಉಳಿದ ಮೀನನ್ನು ಪಕ್ಕದಲ್ಲಿ ಬಳೆ ಮಾರುವ ಚಮನಬೀಯ ಸುಪರ್ದಿಗೆ ಬಿಟ್ಟು, ಊರ ಕಡೆ ಹೊರಟಿದ್ದ ಟಂಟಂ ಹತ್ತಿದಳು.

ಕಂಚನಾಳ ಕೃಷ್ಣೆಯ ದಂಡೆಯ ಊರು. ಊರಿಗೂ ಹೊಳೆಗೂ ನಡುವೆ ಒಂದು ಮುದಿ ಬೇವಿನ ಮರ, ಅದರ ಬುಡದಲ್ಲಿ ಮಣ್ಣಿನ ಕಟ್ಟೆ, ಕಟ್ಟೆಯ ಮೇಲೆ ಮೊಣಕಾಲೆತ್ತರದ ಒಂದು ಕರಿಕಲ್ಲು. ಆ ಕಲ್ಲಿನಲ್ಲಿ ಒಬ್ಬ ಹೆಣ್ಣು ಹೆರಿಗೆಗೆ ಕೂತಂತೆ ಮೊಣಕಾಲು ಅಗಲಿಸಿ ಕೂತಿದ್ದಾಳೆ. ದುಂಡು ಹೊಟ್ಟೆ, ತುಂಬಿದ ಎದೆ, ಮೇಲೆತ್ತಿದ ಎರಡೂ ಕೈ. ಕೊರಳಿನ ಮೇಲೆ ತಲೆಯಿಲ್ಲ. ಊರ ಹೆಂಗಸರಿಗೆ ಅವಳು ಹಡದವ್ವ. ಬಸುರಾಗದವರು, ದಿನ ತುಂಬಿದವರು, ಹೆತ್ತು ಕಳೆದುಕೊಂಡವರು ಬಂದು ಆ ಹೊಟ್ಟೆಗೆ ಬೆಣ್ಣೆ ಸವರುತ್ತಾರೆ. ಗಂಡಸರು ಆ ದಾರಿಯಲ್ಲಿ ಹೋಗುವಾಗ ಹೊಳೆಯ ಕಡೆ ಮುಖ ತಿರುಗಿಸುತ್ತಾರೆ. ತಾವೆಲ್ಲ ಎಲ್ಲಿಂದ ಬಂದೆವೆಂಬುದು ಅವರಿಗೆ ಮರೆತಿರಬೇಕು, ಪಾಪ.

ಅಯ್ಯಮ್ಮ ಹದಿನಾರನೇ ವಯಸ್ಸಿಗೆ ರಾಮಸಮುದ್ರದಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಅಂಬಿಗರ ಮನೆ. ಗಂಡ ಅಂಬಣ್ಣ ಬಲೆ ಬೀಸುತ್ತಿದ್ದ, ಅತ್ತೆ ಹಡದವ್ವನ ಪೂಜೆ ಮಾಡುತ್ತಿದ್ದಳು. ಮೊದಲ ಎರಡು ಕೂಸುಗಳು ಉಳಿಯಲಿಲ್ಲ. ಮೂರನೆಯದು ಹೆಣ್ಣು, ಈಗ ಸೈದಾಪುರದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅತ್ತೆ ತೀರಿಕೊಂಡ ವರ್ಷ, ಅಯ್ಯಮ್ಮನಿಗೆ ಇಪ್ಪತ್ತೇಳು ತುಂಬಿತ್ತು, ಕಲ್ಲಿಗೆ ನೀರೆರೆಯುತ್ತಿದ್ದವಳ ಮೈಮೇಲೆ ಅವ್ವ ಬಂದಳು. ಅಂದಿನಿಂದ ಪ್ರತಿ ಮಂಗಳವಾರ ಅಯ್ಯಮ್ಮ ಕಟ್ಟೆಯ ಮುಂದೆ ಕೂರುತ್ತಾಳೆ, ಜನ ಬಂದು ಕೇಳುತ್ತಾರೆ, ಅವಳ ಬಾಯಿಂದ ಅವ್ವ ಹೇಳುತ್ತಾಳೆ. ಉಳಿದ ಆರು ದಿನ ಅವಳು ಮೀನು ಮಾರುವ ಹೆಂಗಸು. ಮಂಗಳವಾರ ಕಾಲಿಗೆ ಬಿದ್ದವರೇ ಬುಧವಾರ ಮೀನು ನಾರುತ್ತದೆಂದು ಮೂಗು ಮುರಿಯುತ್ತಾರೆ. ಅವಳೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ.

ಭಾನುವಾರ ಊರಿಗೆ ಬಂದವಳು ಮನೆಗೆ ಹೋಗದೆ ನೇರವಾಗಿ ಮರಿಲಿಂಗಪ್ಪನ ಅಂಗಡಿಗೆ ನಡೆದಳು. ಸಿಮೆಂಟು, ಕಬ್ಬಿಣ ಮಾರುವ ಮರಿಲಿಂಗಪ್ಪನೇ ಗುಡಿ ಕಮಿಟಿಯ ಅಧ್ಯಕ್ಷ. ಮೂರು ಹೊತ್ತು ಲಿಂಗಪೂಜೆ ಮಾಡುವ, ಸುಳ್ಳು ಹೇಳದ, ಊರಿಗೆ ಒಳ್ಳೆಯದು ಮಾಡಿಯೇ ತೀರಬೇಕೆಂಬ ಹಟದ ಮನುಷ್ಯ. ಇಂಥವರನ್ನು ತಡೆಯುವುದು ಕೆಟ್ಟವರನ್ನು ತಡೆಯುವುದಕ್ಕಿಂತ ಕಷ್ಟ. ಬೇವಿನ ಮರದ ಆಚೆ ಅವನು ಗುಡಿ ಎಬ್ಬಿಸಿದ್ದ. ಒಳಗೆ ಕೂರಲು ಅಮೃತಶಿಲೆಯ ದೇವಿ ಬಂದಾಗಿತ್ತು. ಎಂಟು ಕೈ, ಕೆಂಪು ತುಟಿ, ಕೆಳಗೆ ನಗುವ ಸಿಂಹ.

"ಸಾವ್ಕಾರ್ರ, ಅವ್ವನ್ನ ಹೊಳಿಗಿ ಹಾಕ್ತೀರಂತ, ಖರೇನು?"

"ಹಾಕೂದಲ್ಲ ಅಯ್ಯಮ್ಮ, ಬಿಡೂದು. ಗಂಗಿಗಿ ಒಪ್ಪಸೂದು," ಎಂದ ಮರಿಲಿಂಗಪ್ಪ ಸಮಾಧಾನವಾಗಿ. "ಶಹಾಪುರದ ಶಾಸ್ತ್ರಿಗಳ್ನ ಕೇಳೀನಿ. ಒಡದ ಮೂರ್ತಿ ಇಟಗೊಂಡು ಹೊಸಾದು ಕುಂದರಸಬಾರದಂತ. ಊರಿಗಿ ಕೇಡಂತ."

"ಅವ್ವ ಒಡದಿಲ್ರಿ. ಆಕಿ ಹುಟ್ಟಿದ್ದ ಹಂಗ."

ಮರಿಲಿಂಗಪ್ಪ ಕನ್ನಡಕ ತೆಗೆದು ಅವಳ ಮುಖವನ್ನೇ ನೋಡಿದ. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ಹಿಂಗಂದ್ರ ಹ್ಯಾಂಗವ್ವಾ? ನನ್ನ ರುಂಡ ಒಡದದ ಅಂತ ಅವ್ವನ ಹೇಳ್ಯಾಳ, ನಿನ್ನ ಬಾಯಿಲೆ. ಹದಿಮೂರು ವರ್ಷ ಆತು. ನಾನೂ ಅವತ್ತ ಕೈಮುಗದು ನಿಂತಿದ್ನಿ. ನಿನಗ ನೆನಪಿರಂಗಿಲ್ಲ ಬಿಡು, ಮೈಮ್ಯಾಲ ಬಂದಾಗಿನ ಮಾತದು."

ಅಯ್ಯಮ್ಮ ಅಂಗಡಿಯ ಕಂಬ ಹಿಡಿದುಕೊಂಡಳು.

"ನಾವೇನು ಜುಲುಮಿ ಮಾಡಂಗಿಲ್ಲ. ಮಂಗಳವಾರ ಹೊಳಿ ದಂಡಿಮ್ಯಾಲ ಅಪ್ಪಣಿ ಕೇಳ್ತೀವಿ," ಎಂದ ಅವನು. "ಅವ್ವ ನಿನ್ನ ಮೈಮ್ಯಾಲ ಬಂದು ಬ್ಯಾಡಂದ್ರ ಬಿಟ್ಟಬಿಡ್ತೀವಿ. ಬರಲಿಲ್ಲಂದ್ರ ಒಪ್ಪಿಗಿ ಅಂತ ತಿಳಕೊಂತೀವಿ. ಹನ್ನೆರಡರ ಮ್ಯಾಲ ನಾರಾಯಣಪುರ ಡ್ಯಾಮಿನಿಂದ ನೀರ ಬಿಡ್ತಾರಂತ. ಅಷ್ಟ್ರಾಗ ಮುಗಿಬೇಕು ನೋಡು."

ಅಯ್ಯಮ್ಮನಿಗೆ ನೆನಪಿರಲಿಲ್ಲವೆಂದು ಅವನು ತಿಳಿದಿದ್ದ. ಒಂದೊಂದು ಅಕ್ಷರವೂ ನೆನಪಿತ್ತು.

ಹದಿಮೂರು ವರ್ಷದ ಹಿಂದೆ ಬಿಳಿ ಜೀಪೊಂದು ಬಂದಿತ್ತು. ಇಳಿದವರಿಬ್ಬರು ಇಸ್ತ್ರಿ ಅಂಗಿಯವರು. ಕಲ್ಲಿನ ಸುತ್ತ ಟೇಪು ಹಿಡಿದು ಅಳೆದರು, ದೊಡ್ಡ ಊರಿನಲ್ಲಿ ಗಾಜಿನ ಮನೆಯೊಳಗೆ ಇಟ್ಟು ಪೂಜಿಸುತ್ತೇವೆಂದರು, ಬದಲಿಗೆ ಊರಿಗೆ ಸಮುದಾಯ ಭವನ ಕಟ್ಟಿಸಿಕೊಡುತ್ತೇವೆಂದರು. ಊರ ಹಿರಿಯರು ಮುಖ ಮುಖ ನೋಡಿಕೊಂಡು ಹೂಂ ಅಂದುಬಿಟ್ಟರು. ಮಾರನೆಯ ದಿನ ಮಂಗಳವಾರ. ಅಯ್ಯಮ್ಮ ಕೂತಳು, ಹಲಗೆ ಬಾರಿಸಿದರು, ಅವ್ವ ಬರಲಿಲ್ಲ. ಜೀಪಿನ ಹಿಂಬಾಗಿಲು ತೆರೆದಿತ್ತು. ಆಗ ಅಯ್ಯಮ್ಮ ತಾನೇ ಕೂದಲು ಬಿಚ್ಚಿದಳು, ತಾನೇ ಭುಜ ಅಲುಗಿಸಿದಳು, ಗಂಟಲು ಬಿಗಿಹಿಡಿದು ಕೂಗಿದಳು: "ನನ್ನ ರುಂಡ ಒಡದದ! ಒಡದ ಮೈಯಾಕಿನ್ನ ಮುಟ್ಟಿದ ಗಂಡಸರ ಮನಿ ಒಡೀತದ!" ಇಸ್ತ್ರಿ ಅಂಗಿಯವರು ಕೈ ಹಿಂದೆ ತೆಗೆದರು. ಒಡೆದ ಮೂರ್ತಿ ಅವರಿಗೂ ಬೇಕಿರಲಿಲ್ಲ, ಮನೆ ಒಡೆಯುವುದಂತೂ ಮೊದಲೇ ಬೇಕಿರಲಿಲ್ಲ. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಅಯ್ಯಮ್ಮ ಗೆದ್ದಿದ್ದಳು. ಆದರೆ ಮುಂದಿನ ಹನ್ನೊಂದು ತಿಂಗಳು ಅವ್ವ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಪ್ರತಿ ಮಂಗಳವಾರ ಕೂತು, ಬೆವರಿ, "ಇವತ್ತ ಬಂದಿಲ್ರಿ, ಹೋಗಿ ಬರ್ರಿ" ಎಂದು ಜನರನ್ನು ಕಳಿಸುತ್ತಿದ್ದಳು. ಬಾಗಿಲು ಹಾಕಿಕೊಂಡು ಅತ್ತದ್ದು ಎಷ್ಟು ಸಲವೋ. ಇನ್ನೊಮ್ಮೆ ನಿನ್ನ ಹೆಸರಲ್ಲಿ ಬಾಯಿ ಬಿಡುವುದಿಲ್ಲವೆಂದು ಕಲ್ಲಿನ ಹೊಟ್ಟೆಗೆ ಹಣೆ ಹಚ್ಚಿ ಆಣೆ ಮಾಡಿದಳು. ಅದಾದ ಮೇಲೆ ಅವ್ವ ತಿರುಗಿ ಬಂದಳು. ಈ ಕತೆಯನ್ನು ಅಯ್ಯಮ್ಮ ಗಂಡನಿಗೂ ಹೇಳಿರಲಿಲ್ಲ. ಅಂಬಣ್ಣ ಅದನ್ನು ಕೇಳದೆಯೇ ಸತ್ತ.

ಸೋಮವಾರ ಬೆಳಿಗ್ಗೆ ಅವಳು ಮತ್ತೆ ಸುರಪುರಕ್ಕೆ ಹೋದಳು, ಬುಟ್ಟಿಯಿಲ್ಲದೆ. ಅಲ್ಲಿಯ ಕಲ್ಯಾಣ ಮಂಟಪವೊಂದರಲ್ಲಿ ಉಮಾಶ್ರೀ ಎಂಬ ಕಲಬುರಗಿಯ ಹೆಂಗಸು ಶಿಬಿರ ನಡೆಸುತ್ತಿದ್ದಳು. 'ಒಳಗಿನ ದೇವಿ' ಎಂದು ಬ್ಯಾನರು. ಪೇಟೆಯ ಹೆಂಗಸರು ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಎಳೆದು ಬಿಡುತ್ತಿದ್ದರು. ಹೋದ ತಿಂಗಳು ಇದೇ ಉಮಾಶ್ರೀ ಇಂಥ ಹನ್ನೆರಡು ಮಂದಿಯನ್ನು ವ್ಯಾನಿನಲ್ಲಿ ಕಂಚನಾಳಕ್ಕೆ ಕರೆತಂದು ಹಡದವ್ವನ ಸುತ್ತ ಕೂರಿಸಿದ್ದಳು. ಆಗ ಅಯ್ಯಮ್ಮ ಕೇಳಿದ್ದಳು: "ನಿಮ್ಮ ಮೈಮ್ಯಾಲೂ ಬರ್ತಾಳೇನ್ರಿ ಅಕ್ಕೋರ?" ಉಮಾಶ್ರೀ ನಕ್ಕು, "ಬರೋದು ಹೋಗೋದು ಇಲ್ಲಮ್ಮ, ಪ್ರತಿ ಹೆಣ್ಣಿನ ಒಳಗೂ ಯಾವಾಗಲೂ ಇರ್ತಾಳೆ" ಎಂದಿದ್ದಳು. "ಹಂಗಾರ ನಿಮಗ ಆರಾಮ ಬಿಡ್ರಿ, ದಾರಿ ಕಾಯೂದಿಲ್ಲ," ಎಂದಿದ್ದಳು ಅಯ್ಯಮ್ಮ.

ಇವತ್ತು ನಗುವ ಸ್ಥಿತಿಯಿರಲಿಲ್ಲ. ವಿಷಯ ಕೇಳುತ್ತಲೇ ಉಮಾಶ್ರೀ ಹೌಹಾರಿದಳು. ಫೋನು ತೆಗೆದು ಒಂದೊಂದೇ ಚಿತ್ರ ತೋರಿಸಿದಳು. "ನೋಡಿ, ಇದು ಟರ್ಕಿ ದೇಶದ್ದು, ಎಂಟು ಸಾವಿರ ವರ್ಷದ ಹಿಂದಿನ ಮಣ್ಣಿನ ತಾಯಿ. ಎರಡೂ ಕೈಯ ಕೆಳಗೆ ಚಿರತೆಗಳು. ಇದು ಐರ್ಲೆಂಡು, ಹಳೇ ಚರ್ಚಿನ ಗೋಡೆ ಮೇಲೆ ಕೆತ್ತಿದ್ದು. ಇದು ನಮ್ಮ ಬಾದಾಮಿಯ ಮ್ಯೂಸಿಯಮ್ಮಿನದು. ಇವಳಿಗೆ ತಲೆಯ ಜಾಗದಲ್ಲಿ ಕಮಲದ ಹೂ ಇದೆ ನೋಡಿ. ತಲೆ ಒಡೆದಿದ್ದಲ್ಲ, ಮಾಡಿದ್ದೇ ಹೀಗೆ."

ಅಯ್ಯಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ಬೇರೆ ದೇಶ, ಬೇರೆ ಕಲ್ಲು, ಆದರೆ ಕೂತ ಬಗೆ ಅದೇ. "ಯವ್ವಾ, ಅಲ್ಲೀನೂ ಹಡಿಯೋರು ಹಿಂಗ ಕುಂದರತಾರೇನ್ರಿ?" ಎಂದಳು. ಅಷ್ಟು ದೂರದ ಹೆಂಗಸರೂ ಇವಳ ಮುಂದೆ ಮೊಣಕಾಲೂರಿ ಬೇಡಿಕೊಂಡಿರಬೇಕೆಂದು ಅವಳಿಗೆ ಅನ್ನಿಸಿತು. ಬಾದಾಮಿಯ ಚಿತ್ರದ ಮೇಲೆ ಬೆರಳಾಡಿಸಿದಳು. ಹಡದವ್ವನ ಕೊರಳಿನ ಮೇಲೂ ಅರಿಷಿಣ ಬೆಣ್ಣೆಯ ದಪ್ಪ ಪದರದ ಕೆಳಗೆ ಏನೋ ಏಣು ಏಣಾಗಿ ಕೈಗೆ ಹತ್ತುತ್ತದೆ. ಒಡೆದ ಕಲ್ಲಿನ ಚೂಪು ಅಲ್ಲಿಲ್ಲವೆಂದು ಅವಳ ಕೈಗೆ ಮೊದಲಿಂದ ಗೊತ್ತು.

ಉಮಾಶ್ರೀ ಅಲ್ಲಿಂದಲೇ ಮರಿಲಿಂಗಪ್ಪನಿಗೆ ಫೋನು ಹಚ್ಚಿದಳು. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ. "ಮೇಡಮ್ಮೋರ, ನೀವು ಓದಿದವರು, ಸುಳ್ಳು ಹೇಳಂಗಿಲ್ಲ. ಆದ್ರ ನಿಮ್ಮ ಮೊಬೈಲಿನಾಗಿನ ದೇವರನ್ನ ನಂಬ್ಲೋ, ನಮ್ಮ ದೇವರು ತಾನ ಆಡಿದ ಮಾತು ನಂಬ್ಲೋ?" ಎಂದ. ಉಮಾಶ್ರೀ ಫೋನು ಇಟ್ಟಳು. ಯಾದಗಿರಿಯ ಜಿಲ್ಲಾ ಕಚೇರಿಗೆ ಅರ್ಜಿ ಕೊಡುತ್ತೇನೆಂದಳು, ಆದರೆ ಅರ್ಜಿ ನಡೆದುಕೊಂಡು ಬರುವಷ್ಟರಲ್ಲಿ ಅವ್ವ ಹೊಳೆಯ ತಳ ಸೇರಿರುತ್ತಾಳೆಂಬುದು ಇಬ್ಬರಿಗೂ ಗೊತ್ತಿತ್ತು. "ಹೆದರಬೇಡಿ ಅಯ್ಯಮ್ಮ. ನಾಳೆ ದೇವಿ ಬಂದು ಬೇಡ ಅಂತಾಳೆ," ಎಂದು ಉಮಾಶ್ರೀ ಅವಳ ಕೈ ಹಿಡಿದು ಬಸ್ಸಿಗೆ ಹತ್ತಿಸಿದಳು.

ಬರದಿದ್ದರೆ? ಬಸ್ಸಿನ ಕಿಟಕಿಗೆ ತಲೆಯಾನಿಸಿ ಅಯ್ಯಮ್ಮ ದಾರಿಯುದ್ದ ಅದನ್ನೇ ನುಂಗುತ್ತ ಬಂದಳು. ಇನ್ನೊಮ್ಮೆ ಕೂದಲು ಬಿಚ್ಚಿದರೆ ಮುಗಿಯಿತು, ಒಂದೇ ಕೂಗು. ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬಳಿಗೆ ಗೊತ್ತಾಗುತ್ತದೆ. ನಿಜ ಹೇಳಿಬಿಡೋಣವೆಂದರೆ, ಮೂವತ್ತೊಂದು ವರ್ಷದ ಎಲ್ಲ ಮಾತೂ ಮಣ್ಣಾಗುತ್ತದೆ. ಆ ಮಾತಿನ ಮೇಲೆ ಮನೆ ಕಟ್ಟಿಕೊಂಡವರಿದ್ದರು.

ಅವರಲ್ಲೊಬ್ಬಳು ಶೇಖಮ್ಮ. ಸಂಜೆ ಕಟ್ಟೆಯ ಹತ್ತಿರ ಅವಳೇ ಕಾದು ನಿಂತಿದ್ದಳು. ಗಂಡ ಭೀಮೇಶನದು ಹರಗೋಲು, ನಾಳೆ ಕಲ್ಲನ್ನು ನಡುಹೊಳೆಗೆ ಒಯ್ಯಬೇಕಾದವನು ಅವನೇ. ಹನ್ನೆರಡು ವರ್ಷದ ಹಿಂದೆ ಶೇಖಮ್ಮನಿಗೆ ಎರಡನೆಯದೂ ಹೆಣ್ಣು ಹುಟ್ಟಿದಾಗ ಅವಳ ಅತ್ತೆ ಮಗನಿಗೆ ಇನ್ನೊಂದು ಲಗ್ನ ಗೊತ್ತು ಮಾಡಿದ್ದಳು. ಭೀಮೇಶ ಅವ್ವನನ್ನು ಕೇಳಲು ಬಂದ. ಹನ್ನೊಂದು ತಿಂಗಳು ಬಾರದಿದ್ದ ಅವ್ವ ಅವತ್ತು ಬಂದಳು, ಬಂದವಳೇ ಅವನ ಎದೆಗೆ ಬೇವಿನ ಸೊಪ್ಪಿನಿಂದ ಹೊಡೆದು, "ಇನ್ನೊಬ್ಬಾಕಿನ್ನ ಹೊಸ್ತಿಲ ದಾಟಸಿದ್ರ ನಿನ್ನ ಬಲ್ಯಾಗ ಮೀನ ಬೀಳಂಗಿಲ್ಲ" ಎಂದಳು. ಲಗ್ನ ಅಲ್ಲಿಗೇ ನಿಂತಿತು. ಶೇಖಮ್ಮನ ಸಂಸಾರ ಉಳಿಯಿತು. ಇದೆಲ್ಲ ಅಯ್ಯಮ್ಮನಿಗೆ ಆಮೇಲೆ ಜನ ಹೇಳಿ ಗೊತ್ತಾದದ್ದು.

"ಅತ್ತಿ, ನಾಳೆ ಬ್ಯಾಡ ಅಂತ ಹೇಳಸು. ಆಕಿ ಹೋದ್ರ ನಮ್ಮಂಥೋರು ಯಾರ ಮುಂದ ಕುಂದರಬೇಕು?" ಎಂದಳು ಶೇಖಮ್ಮ.

"ನಾ ಹೇಳಸೂದಲ್ಲ ಶೇಖವ್ವ, ಆಕಿ ಹೇಳಬೇಕು."

"ನೀ ಕರದ್ರ ಬರ್ತಾಳ."

ಅಯ್ಯಮ್ಮ ಅವಳ ಮುಖ ನೋಡಲಾರದೆ ಕಟ್ಟೆಗೆ ಬಿದ್ದ ಬೇವಿನೆಲೆ ಗುಡಿಸತೊಡಗಿದಳು.

ಮಂಗಳವಾರ ಬೆಳಿಗ್ಗೆ ತಾಲೂಕಿನ ಜೀಪು ಮೈಕಿನಲ್ಲಿ ಕೂಗಿಕೊಂಡು ಹೋಯಿತು: ಹನ್ನೆರಡರ ನಂತರ ಯಾರೂ ಹೊಳೆಗೆ ಇಳಿಯಬಾರದು. ಹತ್ತು ಗಂಟೆಗೆ ಊರೇ ದಂಡೆಯ ಮೇಲಿತ್ತು. ಹಡದವ್ವನನ್ನು ಕಂಬಳಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಎರಡು ಬಿದಿರಿನ ಮೇಲೆ ಹೊತ್ತು ತಂದರು. ಕಲ್ಲಿಗೆ ಯಾರ ಕೈಯೂ ತಾಕದಂತೆ ಎಷ್ಟು ಜಾಗ್ರತೆ! ಮುಟ್ಟಿದ ಗಂಡಸರ ಮನೆ ಒಡೆಯುತ್ತದೆಂದು ಅವ್ವ ಹೇಳಿದ್ದಳಲ್ಲ. ಆ ಹಗ್ಗದ ಒಂದೊಂದು ಗಂಟನ್ನೂ ತಾನೇ ಹಾಕಿದ್ದೆಂದು ಅಯ್ಯಮ್ಮನಿಗೆ ಅನ್ನಿಸಿತು. ಉಮಾಶ್ರೀ ನಾಲ್ಕು ಜನ ಹೆಂಗಸರೊಂದಿಗೆ ಬಂದು ಒಂದು ಬದಿಗೆ ನಿಂತಿದ್ದಳು.

ತೊಯ್ದ ಸೀರೆಯಲ್ಲಿ ಅಯ್ಯಮ್ಮ ಮಣ್ಣಿನ ಮೇಲೆ ಕೂತಳು. ಲೋಬಾನದ ಹೊಗೆ ಎದ್ದಿತು, ಹಲಗೆಗಳು ಶುರುವಾದವು. ಅವ್ವ ಬರುವಾಗ ಮೊದಲು ಅಂಗಾಲು ತಣ್ಣಗಾಗುತ್ತದೆ, ಆಮೇಲೆ ಕಿವಿಯಲ್ಲಿ ನೀರಿನ ಸಪ್ಪಳ, ಆಮೇಲೆ ಏನೂ ಇಲ್ಲ. ಅಯ್ಯಮ್ಮ ಅಂಗಾಲಿನ ಮೇಲೆ ಜೀವವಿಟ್ಟು ಕಾದಳು. ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಬಾ ನನ್ನವ್ವ, ಇದೊಂದು ಸಲ ಬಾ, ಹಳೆಯ ತಪ್ಪಿಗೆ ಈಗ ಹಗೆ ಸಾಧಿಸಬೇಡ. ಹಲಗೆಯವರ ಅಂಗಿ ಬೆವರಿಗೆ ಅಂಟಿತು. ಹನ್ನೊಂದಾಯಿತು. ಸೀರೆ ಮೈಮೇಲೆಯೇ ಒಣಗಿತು.

ಹನ್ನೊಂದೂವರೆಗೆ ಅವಳ ಭುಜ ಒಮ್ಮೆ ಅದುರಿತು. "ಬಂದ್ಳು! ಬಂದ್ಳು!" ಜನ ಉಸಿರು ಬಿಟ್ಟರು. ಹೆಂಗಸರು ಕೈಮುಗಿದು ಮುಂದೆ ಜರುಗಿದರು, ಹಲಗೆ ಏರಿತು. ಅದು ಹೆದರಿಕೆಯ ನಡುಕವೆಂದು ಅವಳೊಬ್ಬಳಿಗೇ ಗೊತ್ತು. ಆ ನಡುಕವನ್ನು ಹಾಗೇ ಬೆಳೆಯಲು ಬಿಟ್ಟರೆ ಸಾಕಿತ್ತು. ಇಡೀ ಊರು ನಂಬಲು ಸಿದ್ಧವಾಗಿ ನಿಂತಿತ್ತು. ಸೀರೆಯ ಸೆರಗಿನೊಳಗೆ ಅಯ್ಯಮ್ಮ ಎರಡೂ ಮುಷ್ಟಿ ಬಿಗಿದಳು. ಭುಜ ನಿಂತಿತು.

ಮರಿಲಿಂಗಪ್ಪ ಗಡಿಯಾರ ನೋಡಿದ, ಹಲಗೆಯವರಿಗೆ ಕೈ ಮಾಡಿದ. ಒಮ್ಮೆಲೇ ಹೊಳೆಯ ಸಪ್ಪಳ ಮಾತ್ರ ಉಳಿಯಿತು. "ಬರಲಿಲ್ಲ. ಒಪ್ಪಿಗಿ ಕೊಟ್ಟಾಳ," ಎಂದ ಅವನು ದೊಡ್ಡ ದನಿಯಲ್ಲಿ. "ಎತ್ರಿ. ಭೀಮೇಶ, ಹರಗೋಲು ತಗಿ."

ಬಿದಿರು ಹೊತ್ತವರು ನೀರಿಗಿಳಿದರು. ಕಂಬಳಿಯ ಗಂಟನ್ನು ಹರಗೋಲಿನಲ್ಲಿ ಇಳಿಸಿದರು. ಹರಗೋಲು ಒಂದು ಕಡೆ ವಾಲಿತು. ಭೀಮೇಶ ಹುಟ್ಟು ಹಿಡಿದ. ಶೇಖಮ್ಮ ಬಾಯಿಗೆ ಸೆರಗು ತುರುಕಿಕೊಂಡಳು.

"ನಿಂದ್ರು!"

ಅಯ್ಯಮ್ಮ ಎದ್ದು ನಿಂತಿದ್ದಳು. ಜನ ತಿರುಗಿದರು. ಯಾರೋ ಕೈಮುಗಿಯಲು ಹೋದರು.

"ಕೈ ಮುಗೀಬ್ಯಾಡ್ರಿ. ಅವ್ವ ಬಂದಿಲ್ಲ. ಮಾತಾಡಾಕತ್ತಾಕಿ ನಾನು, ಮೀನ ಮಾರೂ ಅಯ್ಯಮ್ಮ. ಹದಿಮೂರು ವರ್ಷದ ಹಿಂದ ರುಂಡ ಒಡದದ ಅಂದಾಕೀನೂ ನಾನ. ಅವತ್ತೂ ಅವ್ವ ಬಂದಿರಲಿಲ್ಲ. ಜೀಪಿನ್ಯಾವರು ಒಯ್ತಾರಂತ ಹೆದರಿ ಸುಳ್ಳ ಹೇಳಿದ್ನಿ. ಮನಿ ಒಡೀತದ ಅಂದಿದ್ದೂ ಸುಳ್ಳ."

ದಂಡೆಯ ಮೇಲಿದ್ದವರೆಲ್ಲ ಒಟ್ಟಿಗೆ ಬಾಯಿ ಬಿಟ್ಟರು. ಇಷ್ಟು ದಿನ ನಮ್ಮನ್ನು ಕುಣಿಸಿದಳೆಂದು ಒಬ್ಬ, ಇವಳ ಕಾಲಿಗೆ ಬಿದ್ದಿದ್ದೆನಲ್ಲ ಎಂದು ಇನ್ನೊಬ್ಬ. ಗದ್ದಲದ ನಡುವಿಂದ ಶೇಖಮ್ಮನ ಅತ್ತೆ ಮುಂದೆ ನುಗ್ಗಿದಳು, ಬೆರಳು ಚಾಚಿ. "ಹಂಗಾರ ನನ್ನ ಮಗಗ ಹೇಳಿದ್ದೂ ನಿಂದ ಆಟೇನಬೇ? ನನಗ ಮೊಮ್ಮಗ ಇಲ್ಲದಂಗ ಮಾಡಿದಾಕಿ ನೀನಾ?"

ಇದೇ ಪ್ರಶ್ನೆಗೆ ಅಯ್ಯಮ್ಮ ಎರಡು ದಿನದಿಂದ ಹೆದರಿದ್ದಳು. ಶೇಖಮ್ಮನ ಕಡೆ ನೋಡಿದಳು. ಅವಳ ಮುಖ ಬಿಳಿಚಿ ಹೋಗಿತ್ತು.

"ಅದು ನನಗ ಗೊತ್ತಿಲ್ಲ," ಎಂದಳು ಅಯ್ಯಮ್ಮ. "ಆಕಿ ಬಂದಾಗ ಏನ ಹೇಳ್ತೀನಿ ನನಗ ಒಂದೂ ನೆನಪಿರಂಗಿಲ್ಲ. ನಿನ್ನ ಮಗನ ಮಾತು ನೀವ ಹೇಳಿದಮ್ಯಾಲ ನಾ ಕೇಳೀನಿ. ಸುಳ್ಳ ಹೇಳಿದ್ದಷ್ಟ ನೆನಪದ. ಹದಿಮೂರು ವರ್ಷ ಅದನ್ನ ನುಂಗಲಾರದ ಉಗುಳಲಾರದ ಇಟಗೊಂಡೀನಿ."

"ಒಮ್ಮಿ ಸುಳ್ಳ ಹೇಳಿದಾಕಿನ್ನ ಹ್ಯಾಂಗ ನಂಬೂದು?" ಮರಿಲಿಂಗಪ್ಪ ಅವಳೆದುರಿಗೆ ಬಂದು ನಿಂತ. ಸುಳ್ಳು ಹೇಳದ ಮನುಷ್ಯನಿಗೆ ಮೋಸ ಹೋದದ್ದು ಎಲ್ಲರಿಗಿಂತ ಹೆಚ್ಚು ಉರಿಯುತ್ತದೆ.

"ನನ್ನ ನಂಬಬ್ಯಾಡ್ರಿ ಸಾವ್ಕಾರ್ರ. ಆಕಿ ಕೊರಳ ತೊಳದು ನೋಡ್ರಿ. ಒಡದಿದ್ರ ಒಯ್ದು ಬಿಡ್ರಿ, ನನ್ನನ್ನೂ ಆಕಿ ಜೋಡಿ ಬಿಡ್ರಿ."

ಹನ್ನೆರಡಕ್ಕೆ ಹದಿನೈದು ನಿಮಿಷವಿತ್ತು. ಮರಿಲಿಂಗಪ್ಪ ಧೋತರ ಎತ್ತಿ ಕಟ್ಟಿ ನೀರಿಗಿಳಿದ. ಕಂಬಳಿ ಬಿಚ್ಚಿಸಿದ. ಕಲ್ಲಿನ ಹತ್ತಿರ ಹೋದ ಅವನ ಕೈ ಗಾಳಿಯಲ್ಲೇ ನಿಂತಿತು. ಮನೆ, ಸೊಸೆ, ತೊಟ್ಟಿಲಲ್ಲಿರುವ ಮೊಮ್ಮಗಳು ಎಲ್ಲ ಕಣ್ಣ ಮುಂದೆ ಬಂದಿರಬೇಕು. ಕೊರಳಲ್ಲಿದ್ದ ಲಿಂಗವನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈ ಇಟ್ಟೇಬಿಟ್ಟ. ಬೊಗಸೆಯಲ್ಲಿ ನೀರು ಸುರಿದು ಹೆಗಲ ಮೇಲಿನ ಟವೆಲಿನಿಂದ ಉಜ್ಜಿದ. ಎಷ್ಟೋ ತಲೆಮಾರಿನ ಅರಿಷಿಣ, ಬೆಣ್ಣೆ, ಕುಂಕುಮ ಕೆಸರಾಗಿ ಇಳಿಯಿತು. ಅವನು ಬಗ್ಗಿದ, ಇನ್ನೂ ಬಗ್ಗಿದ, ಆಮೇಲೆ ಬೆರಳಿನಿಂದ ಒಂದೊಂದಾಗಿ ಮುಟ್ಟಿ ಎಣಿಸಿದ.

"ಪಕಳಿ ಅವ," ಎಂದ ಮೆಲ್ಲಗೆ. ಆಮೇಲೆ ದಂಡೆಯ ಕಡೆ ತಿರುಗಿ, "ಕಮಲದ ಪಕಳಿ ಅವ್ರೆಪಾ. ಒಡದಿಲ್ಲ," ಎಂದ. ಉಮಾಶ್ರೀ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಒಳಗಿದ್ದವಳು ಹೊರಗೆ ಬಂದಿರಬೇಕು.

ಶೇಖಮ್ಮನ ಅತ್ತೆ ಮಾತ್ರ ಬಿಡಲಿಲ್ಲ. "ಭೀಮೇಶ, ಕೇಳಿದ್ಯೇನು? ಸುಳ್ಳು ಹೇಳೂ ಬಾಯಿ ಅದು. ಆಕಿ ಮಾತ ಕೇಳಿ ನೀ ಗಂಡಮಗನ್ನ ಕಳಕೊಂಡಿ."

ಭೀಮೇಶ ಹುಟ್ಟನ್ನು ಹರಗೋಲಿನಲ್ಲಿ ಎಸೆದು ನೀರಿಗಿಳಿದ. "ಯವ್ವಾ, ಹನ್ನೆರಡು ವರ್ಷ ಆ ಮಾತಿನಮ್ಯಾಲ ಸಂಸಾರ ಮಾಡೀನಿ. ಬಲ್ಯಾಗ ಮೀನೂ ಬಿದ್ದಾವ, ಮನ್ಯಾಗ ಇಬ್ಬರು ಹುಡುಗ್ಯಾರೂ ಬೆಳದಾರ. ಈಗ ಯಾರ ಹೇಳಿದ್ರು ಅಂತ ಕೇಳಿ ನಾ ಏನ ಮಾಡ್ಲಿ?" ಎಂದ. ಹೇಳಿ ಕಲ್ಲಿನ ಒಂದು ತೋಳಿಗೆ ಕೈಕೊಟ್ಟ. ಹಗ್ಗ ಬೇಕಾಗಲಿಲ್ಲ. ಏಳೆಂಟು ಹೆಂಗಸರು ನೀರಿಗಿಳಿದು ಹಡದವ್ವನನ್ನು ಬರಿಗೈಯಲ್ಲಿ ಎತ್ತಿಕೊಂಡರು.

ಅಯ್ಯಮ್ಮ ಕೈ ಹಚ್ಚಲು ಮುಂದೆ ಬಂದಳು. ಮರಿಲಿಂಗಪ್ಪ ಅಡ್ಡ ನಿಂತ. "ಅವ್ವ ಹಳೇ ಜಾಗಾಕ್ಕ ಹೋಗ್ತಾಳ. ಆದ್ರ ನೀ ಇವತ್ತಿನಿಂದ ಆಕಿ ಮುಂದ ಕುಂದರಬ್ಯಾಡ. ಪೂಜಿ ಬ್ಯಾರೇದೋರು ಮಾಡ್ತಾರ." ಅವನ ಕಣ್ಣು ಕೆಂಪಾಗಿದ್ದವು. ಅಯ್ಯಮ್ಮ "ಆತ್ರಿ" ಎಂದಳು. ಬೇರೆ ಏನು ಹೇಳಲಿಕ್ಕಿತ್ತು?

ಮೆರವಣಿಗೆ ಬೇವಿನ ಮರದ ಕಡೆ ಹೋಯಿತು. ಅವಳನ್ನು ಯಾರೂ ಕರೆಯಲಿಲ್ಲ. ಬೈಯುತ್ತಿದ್ದವರು ಬೈಯುವುದನ್ನೂ ನಿಲ್ಲಿಸಿ ಸುತ್ತಿ ಹಾದು ಹೋದರು, ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಅಯ್ಯಮ್ಮ ಮೇಲಿನ ದಂಡೆಗೆ ಹತ್ತಿ ಒಂದು ಬಂಡೆಯ ಮೇಲೆ ಕೂತಳು. ಹೊಳೆ ಕೆಂಪಗಾಗಿ ಏರತೊಡಗಿತ್ತು. ಅವ್ವ ಉಳಿದಳೆಂದು ಖುಷಿಪಡಬೇಕೆಂದುಕೊಂಡಳು, ಅಳು ಬಂತು. ಐವತ್ತೆಂಟು ವರ್ಷದ ಹೆಂಗಸು ಮೂಗು ಒರೆಸಿಕೊಳ್ಳುತ್ತ ಮಗುವಿನ ಹಾಗೆ ಅತ್ತಳು.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕೂತ ಹಾಗಾಯಿತು. ಶೇಖಮ್ಮ. ಸೀರೆ ಸೊಂಟದವರೆಗೂ ತೊಯ್ದಿತ್ತು.

"ಅತ್ತಿ, ಒಂದ ಮಾತ ಕೇಳ್ಲೇನು? ನಮ್ಮ ಹಿರೀ ಮಗಳು ರೇವತಿ ಹತ್ತನೇತ್ತ ಪಾಸಾಗ್ಯಾಳ. ಯಾದಗಿರ್ಯಾಗ ಹಾಸ್ಟೆಲಿನ್ಯಾಗ ಇದ್ದು ಓದ್ತೀನಿ ಅಂತಾಳ. ನಮ್ಮತ್ತಿ ಲಗ್ನ ಮಾಡ್ರಿ ಅಂತಾಳ. ಕಳಸ್ಲೋ ಬ್ಯಾಡೋ?"

"ನಾ ಇನ್ನ ಕುಂದರೂದಿಲ್ಲವ್ವಾ. ಮುಂದಿನ ಮಂಗಳವಾರ ಯಾರರ ಬರ್ತಾರ, ಅವರ ಕೈಲೆ ಅವ್ವನ್ನ ಕೇಳಸು."

"ಅವ್ವನ್ನ ಕೇಳಾಕತ್ತಿಲ್ಲ," ಎಂದಳು ಶೇಖಮ್ಮ. "ನಿನ್ನ ಕೇಳಾಕತ್ತೀನಿ."

ಅಯ್ಯಮ್ಮನಿಗೆ ನಿಜವಾಗಿ ಭಯವಾದದ್ದು ಆಗ. ಬೆಳಗಿನಿಂದ ಪಟ್ಟದ್ದು ಯಾವ ಲೆಕ್ಕಕ್ಕೂ ಇರಲಿಲ್ಲ. ಒಂದು ಹುಡುಗಿಯ ಬದುಕು, ಹಿಂದೆ ಯಾವ ದೇವಿಯೂ ಇಲ್ಲ. ರೇವತಿಯನ್ನು ನೆನೆದಳು, ಅವಳ ಅಜ್ಜಿಯನ್ನು ನೆನೆದಳು, ತಾನು ಹದಿನಾರಕ್ಕೆ ರಾಮಸಮುದ್ರ ಬಿಟ್ಟು ಬಂದದ್ದನ್ನು ನೆನೆದಳು.

"ಕಳಸು," ಎಂದಳು. "ಕೆಟ್ಟದಾದ್ರ ನನ್ನ ಬೈ, ಅವ್ವನ್ನ ಬೈಬ್ಯಾಡ."